ಪೋಲೆಂಡ್‌ಗೆ ಹೋಗುವ ಮೊದಲು ಎಸ್ಪೆರಾಂಟೊ ಕಲಿಯಬೇಕಾ? ತಿಳಿದವರು ಹೇಳಿ

ಪ್ರಶ್ನೆ: ಕೆಲಸದ ಮೇಲೆ ವ್ರೊಕ್ಲಾವ್‌ಗೆ ಹೋಗ್ತಿದ್ದೇನೆ, ಕನಿಷ್ಠ ಐದು ವರ್ಷ ಇರಬೇಕು. ಎಸ್ಪೆರಾಂಟೊ ಅನ್ನೋ ಕೃತಕ ಭಾಷೆ ಹುಟ್ಟಿದ್ದೇ ಆ ಕಡೆ, ಅದನ್ನು ಮೊದಲು ಕಲಿತರೆ ಪೋಲಿಷ್ ಸಲೀಸು ಅಂತ ಒಬ್ಬರು ಹೇಳಿದರು. ದಿನಕ್ಕೆ ಒಂದು ಗಂಟೆ ಬಿಡುವಿದೆ. ಏನು ಮಾಡಲಿ?

ಏಳನೇ ವಿಭಕ್ತಿ: ಮೊದಲು ಊರಿನ ಹೆಸರು: ವ್ರೊತ್ಸ್‌ವಾಫ್. ಇನ್ನು ಆ ಸಲಹೆ ಕೊಟ್ಟವರು ಪೋಲಿಷ್ ಮುಟ್ಟಿಯೂ ನೋಡಿಲ್ಲ ಅನ್ನಿಸುತ್ತೆ. ಎಸ್ಪೆರಾಂಟೊದ ಬಹುಪಾಲು ಪದಗಳು ಲ್ಯಾಟಿನ್, ಫ್ರೆಂಚ್, ಜರ್ಮನ್ ಕಡೆಯವು. ಪೋಲಿಷ್‌ಗೆ ಹತ್ತಿರದ್ದು ಪ್ರಶ್ನೆಯ ಮೊದಲು ಬರುವ 'ಚು', ಬೀಟ್‌ರೂಟ್ ಸಾರಿನ 'ಬಾರ್ಚೊ', ಹೀಗೆ ಕೆಲವೇ ಕೆಲವು. ಕರ್ಮಪದಕ್ಕೆ ಕೊನೆಯಲ್ಲಿ 'ನ್' ಹಚ್ಚಿದರೆ ಎಸ್ಪೆರಾಂಟೊದಲ್ಲಿ ಕೆಲಸ ಮುಗೀತು. ಕಾಫಿ ಇದೆ ಅಂದರೂ 'ಕಾಫೊನ್', ಇಲ್ಲ ಅಂದರೂ 'ಕಾಫೊನ್'. ಪೋಲಿಷ್‌ನಲ್ಲಿ ಇದ್ದರೆ 'ಮಾಮ್ ಕಾವೆ', ಇಲ್ಲ ಅಂದ ಕೂಡಲೇ 'ನ್ಯೆ ಮಾಮ್ ಕಾವಿ': ದ್ವಿತೀಯಾ ಹೋಗಿ ಷಷ್ಠಿ ಬಂತು. ಪುಲ್ಲಿಂಗ ಇನ್ನೂ ರಗಳೆ. ಜೀವ ಇರುವುದಾದರೆ ದ್ವಿತೀಯಾ ರೂಪ ಷಷ್ಠಿಯದ್ದೇ (ಬೆಕ್ಕು: ಕೊತ್, ಕೊತಾ), ಜೀವ ಇಲ್ಲದ್ದಾದರೆ ಪ್ರಥಮಾದ್ದೇ (ಮನೆ: ದೊಮ್, ದೊಮ್). ಆ ಷಷ್ಠಿಯಲ್ಲೂ ಕಂಪ್ಯೂಟರ್‌ಗೆ 'ಆ', ಟೆಲಿಫೋನ್‌ಗೆ 'ಉ'. ಸೂತ್ರ ಕೇಳಬೇಡಿ, ಉರು ಹೊಡೀಬೇಕು. ನಾಮಪದವನ್ನು ಯಾವತ್ತೂ ಒಂಟಿಯಾಗಿ ಬರೆದುಕೊಳ್ಳಬೇಡಿ, ಪ್ರಥಮಾ, ಷಷ್ಠಿ, ಸಪ್ತಮಿ ಮೂರೂ ಒಂದೇ ಸಾಲಲ್ಲಿರಲಿ: ವ್ರೊತ್ಸ್‌ವಾಫ್, ದೊ ವ್ರೊತ್ಸ್‌ವಾವ್ಯಾ, ವೆ ವ್ರೊತ್ಸ್‌ವಾವ್ಯು. 'ಊರಿಗೆ' ಅನ್ನೋದು ನಮಗೆ ಚತುರ್ಥಿ, ಅವರ 'ದೊ' ಕೇಳೋದು ಷಷ್ಠಿ. ಕನ್ನಡದವರು ಮೊದಲು ಎಡವೋದು ಇಲ್ಲೇ.

ಹಸಿರು ನಕ್ಷತ್ರ: ಪದ ಎಣಿಸೋದು ಬಿಡಿ ಸಾರ್. ಎಸ್ಪೆರಾಂಟೊ ಕಟ್ಟಿದ ಜಾಮೆನ್‌ಹೋಫ್ 1887ರಲ್ಲಿ ವಾರ್ಸಾದಲ್ಲಿ ಮೊದಲ ಪುಸ್ತಕ ತಂದದ್ದೇ ಎಲ್ಲರೂ ಸುಲಭವಾಗಿ ಕಲಿಯುವ ಸಾಮಾನ್ಯ ಭಾಷೆ ಇರಲಿ ಅಂತ. 'ಒ' ಬಂದರೆ ನಾಮಪದ, 'ಆ' ಬಂದರೆ ವಿಶೇಷಣ, 'ಎ' ಬಂದರೆ ಕ್ರಿಯಾವಿಶೇಷಣ. ವರ್ತಮಾನಕ್ಕೆ ಆಸ್, ಭೂತಕ್ಕೆ ಇಸ್, ಭವಿಷ್ಯಕ್ಕೆ ಓಸ್. ಅಪವಾದ ಇಲ್ಲ. ಪ್ರತ್ಯಯ ಅಂಟಿಸೋದು ಕನ್ನಡದವರಿಗೆ ರಕ್ತದಲ್ಲೇ ಇದೆ: ಮಾಲ್-ಸಾನ್-ಉಲ್-ಎಯ್-ಒ, ಅಂದರೆ ಆರೋಗ್ಯ ಇಲ್ಲದವರ ಜಾಗ, ಆಸ್ಪತ್ರೆ. 45 ಪದಗಳ ಕೋಷ್ಟಕ ಒಂದಿದೆ, ಐದು ಆದಿ, ಒಂಬತ್ತು ಅಂತ್ಯ. 'ಕಿಯಾಮ್, ತಿಯಾಮ್, ಚಿಯಾಮ್' ಅಂದರೆ ಯಾವಾಗ, ಆವಾಗ, ಯಾವಾಗಲೂ. ಅಡ್ಡ ಸಾಲು, ಉದ್ದ ಸಾಲು ಎರಡೂ ಕಡೆಯಿಂದ ಬಾಯಿಪಾಠ ಮಾಡಿ. ಒಂದೇ ಕಡೆಯಿಂದ ಮಾಡಿದವರು ಮಾತಾಡುವಾಗ ತಡವರಿಸುತ್ತಾರೆ. 'ಎನ್ ಲಾ ದೋಮೊ' ಮನೆಯಲ್ಲಿ, 'ಎನ್ ಲಾ ದೋಮೊನ್' ಮನೆಯೊಳಕ್ಕೆ. ಆ 'ನ್' ಮರೆಯೋದೇ ಎಲ್ಲರ ಕಾಯಿಲೆ. ಇಷ್ಟು ಹಿಡಿತಕ್ಕೆ ಬಂದರೆ ಯಾವ ಭಾಷೆಗಾದರೂ ಧೈರ್ಯ ಬರುತ್ತೆ.

ವಿಸ್ತುಲಾ ದಂಡೆ: ಧೈರ್ಯ ತಗೊಂಡು ಸರ್ಕಾರಿ ಕಚೇರಿಯಲ್ಲಿ ಏನ್ ಮಾಡ್ತೀರಿ? ಐದು ವರ್ಷ ಇದ್ದು ಐರೋಪ್ಯ ಒಕ್ಕೂಟದ ದೀರ್ಘಾವಧಿ ನಿವಾಸಕ್ಕೆ ಅರ್ಜಿ ಹಾಕುವಾಗ ಅವರು ನೋಡೋದು ಪೋಲಿಷ್ ಬಿ1 (ಮಧ್ಯಮ ಮಟ್ಟದ) ಪರೀಕ್ಷೆಯ ಪ್ರಮಾಣಪತ್ರ. ಆಲಿಸೋದು, ಓದೋದು, ವ್ಯಾಕರಣ, ಬರೆಯೋದು, ಮಾತು, ಐದು ಭಾಗ. ಒಟ್ಟು ಅಂಕದ ಲೆಕ್ಕ ನಡೆಯಲ್ಲ, ಪ್ರತಿ ಭಾಗದಲ್ಲೂ ಬೇರೆಬೇರೆಯಾಗಿ ಅರ್ಧ ದಾಟಬೇಕು. ಮಾತಲ್ಲಿ ಗೆದ್ದು ವ್ಯಾಕರಣದಲ್ಲಿ ಮಕಾಡೆ ಬೀಳೋರು ಬೇಕಾದಷ್ಟು ಜನ. ಇನ್ನು ಉಚ್ಚಾರ: ಬಾಯಲ್ಲಿ ಶ, ಷ ಎರಡನ್ನೂ ಒಂದೇ ಮಾಡೋ ನಮ್ಮ ಅಭ್ಯಾಸ ಅಲ್ಲಿ ಬಿಡಬೇಕು. 'ಪ್ರೊಷೆ' ಅಂದರೆ ದಯವಿಟ್ಟು, 'ಪ್ರೊಶೆ' ಅಂದರೆ ಹಂದಿಮರಿ. ಚ ಕೂಡ ಎರಡು ಥರ. ಪದದ ಕೊನೆಯ ವ, ಬ, ದ ಗಡಸಾಗಿ ಫ, ಪ, ತ ಆಗುತ್ತವೆ. ಒತ್ತು ಕೊನೆಯಿಂದ ಎರಡನೇ ಅಕ್ಷರಕ್ಕೆ, ಆದರೆ 'ಮಾತೆಮಾತಿಕಾ' ಥರದವಕ್ಕೆ ಮೂರನೆಯದಕ್ಕೆ. ಕೀಬೋರ್ಡ್‌ನಲ್ಲಿ 'ಪೋಲಿಷ್ ಪ್ರೋಗ್ರಾಮರ್ಸ್' ವಿನ್ಯಾಸ ಹಾಕಿಕೊಳ್ಳಿ: ಬಲಗಡೆಯ ಆಲ್ಟ್ ಜೊತೆ ಝಡ್ ಒತ್ತಿದರೆ ಮೇಲೆ ಚುಕ್ಕೆಯಿರುವ ಝಡ್ (ż), ಎಕ್ಸ್ ಒತ್ತಿದರೆ ಗೀಟಿರುವ ಝಡ್ (ź).

ಹಸಿರು ನಕ್ಷತ್ರ: ಕಚೇರಿ, ಅರ್ಜಿ, ಅಂಕ! ಭಾಷೆ ಅಂದರೆ ಇಷ್ಟೇನಾ ನಿಮಗೆ? ಎಸ್ಪೆರಾಂಟೊ ಸಂಸ್ಕೃತಿಯನ್ನು 2014ರಲ್ಲಿ ಪೋಲೆಂಡೇ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಅತ್ತೆಮನೆ ವ್ಯಾಕರಣ: ಪರಂಪರೆ ಇರಲಿ. ಅಪ್ಪ 'ಪಾತ್ರೊ', ಅಮ್ಮ 'ಪಾತ್ರಿನೊ', ಅಂದರೆ ಅಪ್ಪನಿಗೊಂದು ಬಾಲ ಅಂಟಿಸಿದರೆ ಅಮ್ಮ. ಸಮಾನತೆಯ ಭಾಷೆಯಂತೆ! 1907ರಲ್ಲಿ ಎಸ್ಪೆರಾಂಟೊವನ್ನು ತಿದ್ದಿ 'ಇದೋ' (Ido) ಅನ್ನೋ ಭಾಷೆ ಮಾಡಿದ ಗುಂಪಿನವರು ಬೇರೆಯಾದಾಗ 'ಫ್ರಾತೊ'ವನ್ನು ಅಣ್ಣನಿಗೂ ಅಕ್ಕನಿಗೂ ಸಾಮಾನ್ಯ ಮಾಡಿದರು, ĉ, ĝ ಥರದ ಟೊಪ್ಪಿ ಅಕ್ಷರಗಳನ್ನೂ ಕಿತ್ತುಹಾಕಿದರು.

ಹಸಿರು ನಕ್ಷತ್ರ: ಮೇಡಂ, ಹಾಗಿರೋದು ಕೆಲವೇ ಬಂಧುವಾಚಕ ಪದಗಳು. ಈಗ ಲಿಂಗ ಹೇಳದ 'ರಿ' ಸರ್ವನಾಮ ಬಳಸುವವರೂ ಇದ್ದಾರೆ. ಇದೋ ಮಾತಾಡೋರನ್ನು ಎಲ್ಲಿ ಹುಡುಕ್ತೀರಿ ಸ್ವಲ್ಪ ಹೇಳಿ. ಪೋಲಿಷ್ ಏನು ಕಮ್ಮಿಯಾ? ಭೂತಕಾಲದ ಬಹುವಚನದಲ್ಲಿ ಗಂಡಸರ ಗುಂಪಿಗೊಂದು ಕ್ರಿಯಾರೂಪ, ಹೆಂಗಸರು, ಮಕ್ಕಳು, ಮೇಜು, ಕುರ್ಚಿ ಎಲ್ಲಕ್ಕೂ ಸೇರಿ ಇನ್ನೊಂದು. ನೂರು ಹೆಂಗಸರ ನಡುವೆ ಒಬ್ಬ ಗಂಡಸು ಬಂದು ನಿಂತರೆ ಕ್ರಿಯಾಪದ ಬದಲಾಯಿಸಬೇಕು!

ವಿಸ್ತುಲಾ ದಂಡೆ: ಜಗಳ ಬೇರೆ ಕಡೆ ಇಟ್ಕೊಳ್ಳಿ. ಪ್ರಶ್ನೆ ಕೇಳಿದವರೇ, ಕ್ರಿಯಾಪದವನ್ನು ಜೋಡಿಯಾಗಿ ಕಲಿಯಿರಿ: 'ಪಿಸಾಚ್' ಬರೆಯುತ್ತಿರುವುದು, 'ನಪಿಸಾಚ್' ಬರೆದುಬಿಡುವುದು. ಎರಡನೆಯದಕ್ಕೆ ವರ್ತಮಾನ ಇಲ್ಲ. 'ನಪಿಷೆ' ನೋಡೋಕೆ ವರ್ತಮಾನದ ಹಾಗಿದ್ದರೂ ಅರ್ಥ 'ಬರೆದುಕೊಡ್ತೀನಿ'. ನಮ್ಮ 'ಬಿಡು' ಸೇರಿದ ಕ್ರಿಯೆ ನೆನೆಸಿಕೊಂಡರೆ ಅರ್ಧ ದಾರಿ ಸಾಗುತ್ತೆ. ಎಣಿಕೆಯಲ್ಲಿ 2, 3, 4ಕ್ಕೆ 'ಕೊತಿ' (ಬೆಕ್ಕುಗಳು, ಕೋತಿ ಅಲ್ಲ), 5ರಿಂದ 'ಕೊತುಫ್', 22ಕ್ಕೆ ಮತ್ತೆ 'ಕೊತಿ'.

ಮಾಸ್ಕೋ ಮೇಷ್ಟ್ರು: 21ಕ್ಕೆ ಏಕವಚನ ಅಂತ ಸೇರಿಸಿ, ರಷ್ಯನ್ ಥರಾನೇ.

ಏಳನೇ ವಿಭಕ್ತಿ: ಮೇಷ್ಟ್ರೇ, ರಷ್ಯನ್ನನ್ನು ಇಲ್ಲಿಗೆ ತರಬೇಡಿ. ಪೋಲಿಷ್‌ನಲ್ಲಿ 21ಕ್ಕೂ 'ಕೊತುಫ್', 31ಕ್ಕೂ 'ಕೊತುಫ್'. 12, 13, 14ಕ್ಕೂ ಅದೇ. ಏಕವಚನ ಒಂದಕ್ಕೆ ಮಾತ್ರ.