ಅಮ್ಮನ ಗಾಬರಿ ಮಾತ್ರೆಯನ್ನು ಅಣ್ಣ ಒಂದೇ ಸಲ ನಿಲ್ಲಿಸಿಬಿಟ್ಟಿದ್ದಾನೆ, ಈಗ ಏನು ಮಾಡಬೇಕು?

ಶಿಡ್ಲಘಟ್ಟ ಹುಡುಗಿ:

ನಮಸ್ಕಾರ. ಸ್ವಲ್ಪ ಅರ್ಜೆಂಟಾಗಿ ಕೇಳುತ್ತಿದ್ದೇನೆ. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ, ರೇಷ್ಮೆ ಹುಳು ಸಾಕುತ್ತೇವೆ. ಅಮ್ಮನಿಗೆ 61 ವರ್ಷ. ಸಂಕ್ರಾಂತಿ ಆದಮೇಲೆ ಅಪ್ಪ ತೀರಿಕೊಂಡರು. ಆಮೇಲಿಂದ ಅಮ್ಮನಿಗೆ ಸಂಜೆಯಾದರೆ ಸಾಕು ಎದೆ ಡವಡವ ಅನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ, ಯಾರೋ ಕತ್ತು ಹಿಸುಕಿದ ಹಾಗೆ ಆಗುತ್ತದೆ ಅಂತಾರೆ. ಇಸಿಜಿ ಮಾಡಿಸಿದೆವು. ಹಾರ್ಟಲ್ಲಿ ಏನೂ ಇಲ್ಲ, ಇದು ಗಾಬರಿ ಅಂತ ಹೇಳಿ ಡಾಕ್ಟರು ಅಲ್ಪ್ರಜೋಲಮ್ 0.25 ರಾತ್ರಿ ಒಂದರಂತೆ ಎರಡು ವಾರಕ್ಕೆ ಬರೆದುಕೊಟ್ಟರು. ಮುಗಿದ ಮೇಲೆ ಮತ್ತೆ ಬನ್ನಿ ಅಂದಿದ್ದರು. ಅಷ್ಟರಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು ಬಂತು, ಹೋಗಲು ಆಗಲಿಲ್ಲ. ಅಮ್ಮ ಅದೇ ಹಳೇ ಚೀಟಿ ಕೊಟ್ಟು ಯಾರಾದರೂ ಪೇಟೆಗೆ ಹೋಗುವವರ ಕೈಲಿ ತರಿಸಿಕೊಳ್ಳುತ್ತಿದ್ದರು. ಈಗ ಐದು ತಿಂಗಳಾಯಿತು. ಒಂದರಲ್ಲಿ ನಿದ್ದೆ ಬರಲ್ಲ ಅಂತ ಎರಡೆರಡು ನುಂಗುತ್ತಿದ್ದರಂತೆ, ನನಗೆ ಗೊತ್ತಾಗಿದ್ದು ಮೊನ್ನೆ.

ಮೊನ್ನೆ ಬೆಂಗಳೂರಿಂದ ಅಣ್ಣ ಬಂದ. ಸ್ಟ್ರಿಪ್ ಹಿಂದೆ ಕೆಂಪು ಚೌಕದಲ್ಲಿ ಎಚ್ಚರಿಕೆ ಬರೆದಿರುವುದನ್ನು ನೋಡಿ, ಮೊಬೈಲಲ್ಲಿ ಏನೋ ಓದಿ, ಇದು ಚಟ ಹತ್ತುವ ಮಾತ್ರೆ ಅಂತ ಪೂರ್ತಿ ಒಲೆಗೆ ಹಾಕಿಬಿಟ್ಟ. ಎರಡು ರಾತ್ರಿ ಅಮ್ಮ ಕಣ್ಣು ಮುಚ್ಚಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡರೆ ಕೈ ನಡುಗಿ ಕಾಫಿಯೆಲ್ಲ ಸೀರೆ ಮೇಲೆ ಚೆಲ್ಲಿತು. ಮೈಯೊಳಗೆ ಇರುವೆ ಹರಿದಾಡಿದ ಹಾಗಿದೆ ಅಂತಾರೆ. ಅಣ್ಣ ನಾಲ್ಕು ದಿನ ತಡೆದುಕೊಂಡರೆ ಸರಿಹೋಗುತ್ತದೆ ಅಂತಾನೆ. ಅವನು ಹೇಳುವುದು ಸರಿನಾ? ಮತ್ತೆ ಮಾತ್ರೆ ತಂದು ಕೊಡಬೇಕಾ?

ಕೋಲಾರ ಮೆಡಿಕಲ್:

ತಂಗಿ, ನಾಲ್ಕು ದಿನ ಕಾಯಬೇಡಿ. ಇದನ್ನು ಓದಿದ ತಕ್ಷಣ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಅವರು ಸಿಗದಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು 19 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ತಿಂಗಳುಗಟ್ಟಲೆ ದಿನಾ ತೆಗೆದುಕೊಂಡವರು ಈ ಜಾತಿಯ ಮಾತ್ರೆಯನ್ನು ಏಕಾಏಕಿ ಬಿಡಬಾರದು. ಮಿದುಳನ್ನು ಶಾಂತ ಮಾಡುವ ಒಂದು ರಾಸಾಯನಿಕ ನಮ್ಮೊಳಗೇ ಇದೆ, ಈ ಮಾತ್ರೆ ಅದರ ಬಲ ಹೆಚ್ಚಿಸುತ್ತದೆ. ಐದು ತಿಂಗಳಲ್ಲಿ ಮಿದುಳು ಆ ಆಸರೆಗೆ ಒಗ್ಗಿಕೊಂಡಿರುತ್ತದೆ. ಅದನ್ನು ಒಮ್ಮೆಗೇ ಕಿತ್ತುಕೊಂಡರೆ ನಿದ್ದೆ ಹೋಗುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ಮೊದಲಿಗಿಂತ ಜಾಸ್ತಿ ಗಾಬರಿ ಬರುತ್ತದೆ. ಅಲ್ಪ್ರಜೋಲಮ್ ಬೇಗ ಇಳಿಯುವ ಮಾತ್ರೆ. ಸುಮಾರು 11 ಗಂಟೆಯಲ್ಲಿ ಅರ್ಧ ಹೊರಟುಹೋಗುತ್ತದೆ, ವಯಸ್ಸಾದವರಲ್ಲಿ ಸ್ವಲ್ಪ ನಿಧಾನ. ಅದಕ್ಕೇ ಒಂದೆರಡು ದಿನದಲ್ಲೇ ಈ ಕಷ್ಟ ಶುರುವಾಗಿದೆ. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಅಮ್ಮನ ಡೋಸ್ ಸಣ್ಣದು, ಈ ಡೋಸಿಗೆ ಅದು ಅಪರೂಪ, ಆದರೆ ಬರಲ್ಲ ಅಂತ ಯಾರೂ ಬರೆದುಕೊಡಲಾರರು. ಫಿಟ್ಸ್ ಬಂದರೆ, ಮಾತು ಹಿಂದೆಮುಂದೆ ಆದರೆ, ಇಲ್ಲದ್ದು ಕಾಣುತ್ತಿದೆ ಅಂದರೆ, ಯೋಚನೆ ಮಾಡದೆ 108ಕ್ಕೆ ಫೋನ್ ಮಾಡಿ.

ಮತ್ತೆ ಎಷ್ಟು ಕೊಡಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು. ನಾನೂ ಹೇಳುವುದಿಲ್ಲ, ಇಲ್ಲಿ ಬೇರೆ ಯಾರಾದರೂ ಹೇಳಿದರೂ ಕೇಳಬೇಡಿ.

ಅಣ್ಣ ನೋಡಿದ ಆ ಕೆಂಪು ಚೌಕ ಶೆಡ್ಯೂಲ್ ಎಚ್1 ಅನ್ನುವ ಸರ್ಕಾರಿ ಔಷಧಿ ಪಟ್ಟಿಯದು, 2014ರ ಮಾರ್ಚಿಂದ ಜಾರಿಯಲ್ಲಿದೆ. ಈ ಪಟ್ಟಿಯ ಔಷಧಿ ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅನ್ನುವುದನ್ನೆಲ್ಲ ಬೇರೆ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಎರಡು ವಾರದ ಚೀಟಿಗೆ ಐದು ತಿಂಗಳು ಕೊಟ್ಟವರು ತಪ್ಪು ಮಾಡಿದ್ದಾರೆ. ಇದೇ ಕಸುಬಿನವನಾಗಿ ನನಗೆ ನಿಜವಾಗಿ ಬೇಜಾರಾಯಿತು. ಗೋಳಾಡಿಕೊಂಡು ಬಂದವರನ್ನು ವಾಪಸ್ ಕಳಿಸುವುದು ಕಷ್ಟ, ನನಗೂ ಗೊತ್ತು. ಆದರೂ ಕಳಿಸಲೇಬೇಕು.

ತುಮಕೂರು ಟೀಚರ್:

ಅಮ್ಮನ ಸ್ಥಿತಿ ಓದಿ ನನ್ನದೇ ನೆನಪಾಯಿತು. ನಿಮ್ಮ ಅಣ್ಣನ ಮೇಲೆ ಸಿಟ್ಟಾಗಬೇಡಿ, ನನ್ನ ಯಜಮಾನರೂ ಇದನ್ನೇ ಮಾಡಿದ್ದರು. ನನಗೆ ಬರೆದಿದ್ದು ಎಸ್ಸಿಟಾಲೊಪ್ರಾಮ್, ಆದರೆ ಹೆಸರಿನ ಕೊನೆಗೆ 'ಪ್ಲಸ್' ಅಂತ ಇತ್ತು. ಆ ಪ್ಲಸ್ ಅಂದರೆ ಒಳಗೆ ಕ್ಲೊನಾಜೆಪಾಮ್ ಕೂಡ ಸೇರಿದೆ ಅಂತ ಒಂದೂವರೆ ವರ್ಷ ನನಗೆ ಗೊತ್ತೇ ಇರಲಿಲ್ಲ. ನಡುವೆ ಬೇರೆ ಡಾಕ್ಟರ ಹತ್ತಿರ ನಿದ್ದೆ ಬರಲ್ಲ ಅಂದಾಗ ಅವರು ಇನ್ನೊಂದು ನಿದ್ದೆ ಮಾತ್ರೆ ಬರೆದರು, ನಾನು ಎರಡೂ ನುಂಗುತ್ತಿದ್ದೆ. ಒಂದು ದಿನ ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಬಟವಾಡಿ ಹತ್ತಿರ ಸ್ಕೂಟಿ ನಿಲ್ಲಿಸಿ ಕಾಲು ಊರಿದ್ದಷ್ಟೇ ನೆನಪು, ಹಿಂದಿನ ಬಸ್ಸಿನವನು ಹಾರ್ನ್ ಮಾಡಿದಾಗಲೇ ಎಚ್ಚರ. ತೂಕಡಿಸಿಬಿಟ್ಟಿದ್ದೆ. ಹಿಂದಿನ ರಾತ್ರಿಯ ಮಾತ್ರೆ ಮಾರನೇ ದಿನ ಮಧ್ಯಾಹ್ನದವರೆಗೂ ಮೈಯಲ್ಲಿ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನು ಸೇರಿದೆ ಅಂತ ಬರೆದಿರುತ್ತದೆ, ಅದನ್ನು ದಯವಿಟ್ಟು ಓದಿ.

ಮನೋವೈದ್ಯರು ನನಗೆ ಬಿಡಿಸಿ ಹೇಳಿದ್ದು ಇಷ್ಟು. ಗಾಬರಿ ಕಾಯಿಲೆಯನ್ನು ಬುಡದಿಂದ ಹಿಡಿಯುವುದು ಎಸ್ಸಿಟಾಲೊಪ್ರಾಮ್ ಥರದ ಮಾತ್ರೆ ಮತ್ತೆ ಕೌನ್ಸೆಲಿಂಗ್. ಆದರೆ ಆ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ತಡೆದುಕೊಳ್ಳಲು ಅಂತ ಅಲ್ಪ್ರಜೋಲಮ್, ಕ್ಲೊನಾಜೆಪಾಮ್ ಕೊಡುತ್ತಾರೆ. ಆ ಎರಡು ಮೂರು ವಾರಕ್ಕೆ ಅದು ಒಳ್ಳೇ ಔಷಧಿನೇ, ನನ್ನನ್ನು ಉಳಿಸಿದ್ದೂ ಅದೇ. ಅಮ್ಮನಿಗೆ ಆ ಮೊದಲನೇ ಚಿಕಿತ್ಸೆ ಶುರುವಾಗಲೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಬರೀ ತಡೆಯುವ ಮಾತ್ರೆಯಲ್ಲೇ ಐದು ತಿಂಗಳು ಕಳೆದುಹೋಗಿದೆ. ಇದನ್ನು ಡಾಕ್ಟರ ಹತ್ತಿರ ನೇರವಾಗಿ ಕೇಳಿ.

ನಾನು ಬಿಡಲು ನಾಲ್ಕು ತಿಂಗಳು ಹಿಡಿಯಿತು. ಕೆಲವು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬಂದರು. ಕೊನೆಯ ತುಣುಕು ಬಿಡುವುದೇ ಕಷ್ಟವಾಗಿದ್ದು, ಆಗ ಒಂದು ತಿಂಗಳು ಹಾಗೇ ನಿಲ್ಲಿಸಿಕೊಂಡು ಆಮೇಲೆ ಮುಂದುವರಿಸಿದರು. ಅಡಿಗೆ ಮನೆ ಕ್ಯಾಲೆಂಡರಲ್ಲಿ ದಿನಾ ಎಷ್ಟು ತಗೊಂಡೆ, ಎಷ್ಟು ಹೊತ್ತು ಮಲಗಿದೆ ಅಂತ ಬರೆಯುತ್ತಿದ್ದೆ. ಈಗ ಎರಡು ವರ್ಷ ಆಯಿತು, ಆ ಮಾತ್ರೆ ಇಲ್ಲದೇ ಮಲಗುತ್ತೇನೆ.

ಚಿಂತಾಮಣಿ ಸಿಸ್ಟರ್:

ನಾನು ಸ್ಟಾಫ್ ನರ್ಸ್. ಮೇಲೆ ಮೆಡಿಕಲ್ ಶಾಪಿನವರು ಹೇಳಿದ್ದು ಪೂರ್ತಿ ಸರಿ, ಇವತ್ತೇ ತೋರಿಸಿ. ಒಂದು ಮಾತು ಕೇಳಬೇಕಿತ್ತು, ಅಮ್ಮ ಬೆಳಗಿನ ಜಾವ ಹುಳುವಿಗೆ ಸೊಪ್ಪು ಹಾಕಲು ಏಳುತ್ತಾರಾ? 60 ದಾಟಿದವರು ಈ ಮಾತ್ರೆ ತಗೊಂಡು ನಿದ್ದೆಗಣ್ಣಲ್ಲಿ ಎದ್ದರೆ ಜಾರಿ ಬೀಳುತ್ತಾರೆ. ಹಾಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ವಾರ್ಡಲ್ಲಿ ನೋಡಿದ್ದೇನೆ. ಮತ್ತೆ ವಯಸ್ಸಾದವರಲ್ಲಿ ಮರೆವು, ಮಂಕು ಜಾಸ್ತಿಯಾಗುತ್ತದೆ, ಮನೆಯವರು ವಯಸ್ಸಾಯ್ತು ಬಿಡಿ ಅಂತ ಸುಮ್ನಿರುತ್ತಾರೆ.

ಹೋಗುವಾಗ ಮನೆಯಲ್ಲಿರುವ ಎಲ್ಲಾ ಮಾತ್ರೆ, ಟಾನಿಕ್ಕು, ಕೆಮ್ಮಿನ ಸಿರಪ್ಪು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಕೋಡಿನ್ ಇರುವ ಸಿರಪ್, ನೋವಿಗೆ ಕೊಡುವ ಟ್ರಮಡಾಲ್, ಹೆಂಡ ಸಾರಾಯಿ, ಇವು ಈ ಮಾತ್ರೆಯ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಿ ಜೀವಕ್ಕೆ ಅಪಾಯ. ನೆಗಡಿ, ಅಲರ್ಜಿ ಮಾತ್ರೆ ಕೂಡ ಮಂಪರು ಹೆಚ್ಚಿಸುತ್ತದೆ. ಆಯಾಸ, ಉಬ್ಬಸ ಇದ್ದರೆ ಅದನ್ನೂ ಹೇಳಿ.

ರಾತ್ರಿ ಹೊತ್ತು ಅಮ್ಮನಿಗೆ ತುಂಬಾ ಕಷ್ಟವಾದರೆ 14416ಕ್ಕೆ ಫೋನ್ ಮಾಡಿ, ಟೆಲಿಮಾನಸ್ ಅಂತ, ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ವಾರ ಬರುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೋಗಿ.

ಶಿಡ್ಲಘಟ್ಟ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನ್ ಮಾಡಿದೆ, ಸಂಜೆ ಆರಕ್ಕೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಸಿಸ್ಟರ್, ನೀವು ಕೇಳಿದ್ದು ನಿಜ. ಹೋದ ತಿಂಗಳು ಬೆಳಿಗ್ಗೆ ಐದಕ್ಕೆ ಸೊಪ್ಪಿನ ಹೊರೆ ಹಿಡಿದುಕೊಂಡು ಹುಳು ಮನೆ ಮೆಟ್ಟಿಲಲ್ಲಿ ಬಿದ್ದಿದ್ದರು, ಕೈ ತರಚಿತ್ತು ಅಷ್ಟೇ. ಇಬ್ಬನಿಗೆ ಜಾರಿತು ಅಂದುಕೊಂಡಿದ್ದೆವು. ಈಗ ಅಮ್ಮನ ಡಬ್ಬಿ ನೋಡಿದರೆ ಹುಳುಕಡ್ಡಿಗೆ ಅಂತ ಒಂದು ಕ್ಯಾಪ್ಸೂಲ್ ಇದೆ, ಇಟ್ರಾಕೊನಜೋಲ್ ಅಂತ ಬರೆದಿದೆ. ಒಂದೂವರೆ ತಿಂಗಳಿಂದ ತಗೋತಿದ್ದಾರಂತೆ. ಅದು ಚರ್ಮದ್ದು ತಾನೇ, ಅದನ್ನೂ ಹೇಳಬೇಕಾ?

ಕೋಲಾರ ಮೆಡಿಕಲ್:

ಅದನ್ನೇ ಮೊದಲು ಹೇಳಿ ತಂಗಿ! ಆ ಕ್ಯಾಪ್ಸೂಲ್ ಇದ್ದಾಗ ಅಲ್ಪ್ರಜೋಲಮ್ ಕೊಡಲೇಬಾರದು. ಲಿವರಿನಲ್ಲಿ ಅಲ್ಪ್ರಜೋಲಮ್ ಕರಗಿಸುವ ಕೆಲಸವನ್ನು ಅದು ತಡೆಯುತ್ತದೆ, ಮಾತ್ರೆ ಮೈಯಲ್ಲೇ ಉಳಿದು ಏರುತ್ತಾ ಹೋಗುತ್ತದೆ. ಅಮ್ಮ ಬಿದ್ದಿದ್ದಕ್ಕೆ ಇದೂ ಕಾರಣ ಇರಬಹುದು. ಡಾಕ್ಟರ ಹತ್ತಿರ ಹೋಗುವವರೆಗೆ ಯಾರ ಮನೆಯಿಂದಲೂ ಆ ಮಾತ್ರೆ ಇಸಿದುಕೊಂಡು ಕೊಡಬೇಡಿ.

ಶಿಡ್ಲಘಟ್ಟ ಹುಡುಗಿ:

ಹೋಗಿ ಬಂದೆವು. ಕ್ಯಾಪ್ಸೂಲ್ ನೋಡಿದ ತಕ್ಷಣ ಡಾಕ್ಟರು ಅದನ್ನು ನಿಲ್ಲಿಸಿ ಹಚ್ಚುವ ಮುಲಾಮು ಕೊಟ್ಟರು. ಅಲ್ಪ್ರಜೋಲಮ್ ಬದಲು ಲೋರಜೆಪಾಮ್ ಬರೆದಿದ್ದಾರೆ, ಆ ಕ್ಯಾಪ್ಸೂಲಿನ ಕಾಟ ಇದಕ್ಕೆ ಅಷ್ಟಿಲ್ಲವಂತೆ. ಬರೀ ಏಳು ದಿನಕ್ಕೆ, ಆಮೇಲೆ ಮನೋವೈದ್ಯರು ನೋಡಿ ನಿಧಾನವಾಗಿ ಇಳಿಸುತ್ತಾರೆ ಅಂದರು. ಅಣ್ಣ ಪಕ್ಕದಲ್ಲೇ ಕೂತು ಎಲ್ಲಾ ಕೇಳಿಸಿಕೊಂಡ. ಮಾತ್ರೆ ಅವನ ಬೀರುವಿನಲ್ಲಿದೆ, ರಾತ್ರಿ ಒಂದು ಅವನೇ ಕೊಡುತ್ತಾನೆ, ಕ್ಯಾಲೆಂಡರಲ್ಲಿ ಬರೆಯುತ್ತಾನೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಹಂತದಿಂದ, ಎದ್ದಿವೆ, ಈಗ ಸೊಪ್ಪು ಜಾಸ್ತಿ ಬೇಕು. ರಜ ಹಾಕಿದ್ದಾನೆ, ಬೆಳಗಿನ ಜಾವದ ಸೊಪ್ಪು ಇನ್ನು ಅವನದು. ಅಮ್ಮ ಮಲಗಿದ್ದಾರೆ.