ಹೆಬ್ಬೆರಳಿನ ಉಗುರು ಮಾಂಸಕ್ಕೆ ಇಳಿದಿದೆ: ತೆಗೆಸೋದಾ, ಬೇಡ್ವಾ?

ಮೂಡಿಗೆರೆ ತೋಟ: ಬಲಗಾಲಿನ ಹೆಬ್ಬೆರಳು, ಒಳಬದಿ. ಎರಡು ತಿಂಗಳಿಂದ ಊತ, ಒತ್ತಿದ್ರೆ ಕೀವು. ಆಂಟಿಬಯಾಟಿಕ್ ಎರಡು ಕೋರ್ಸ್ ಆಯ್ತು, ನಿಲ್ಲಿಸಿದ ವಾರಕ್ಕೆ ಮತ್ತೆ ಶುರು. ಉಗುರು ತೆಗೀಬೇಕು ಅಂದಿದ್ದಾರೆ. ಈ ಮಳೇಲಿ ಗಮ್‌ಬೂಟ್ ಇಲ್ದೆ ತೋಟಕ್ಕೆ ಇಳಿಯೋ ಹಾಗಿಲ್ಲ. ಗೊತ್ತಿರೋರು ಹೇಳಿ.

ಸಕಲೇಶಪುರ ಘಾಟಿ: ಚುಚ್ಚೋ ಮುಳ್ಳು ಒಳಗೇ ಇದ್ರೆ ಮಾತ್ರೆ ಏನು ಮಾಡುತ್ತೆ? ಡಾಕ್ಟ್ರನ್ನ ಒಂದೇ ಕೇಳಿ: ಪೂರ್ತಿ ಉಗುರಾ, ಅಂಚು ಮಾತ್ರಾನಾ? ಪೂರ್ತಿ ಕಿತ್ತು ಬುಡ ಹಾಗೇ ಬಿಟ್ರೆ, ಹೊಸ ಉಗುರು ತುದಿ ಮುಟ್ಟೋಕೆ 12ರಿಂದ 18 ತಿಂಗಳು, ಅದೂ ಬಹಳ ಸಲ ಅದೇ ದಾರಿ ಹಿಡಿಯುತ್ತೆ. ಬೇಕಾದ್ದು ಅಂಚಿನ 3-4 ಮಿ.ಮೀ. ಪಟ್ಟಿ ಬುಡದವರೆಗೆ ಸೀಳಿ ತೆಗೆದು, ಆ ಬುಡಕ್ಕೆ ಫೀನಾಲ್, ಅಂದ್ರೆ ಅದು ಮತ್ತೆ ಬೆಳೆಯದ ಹಾಗೆ ಸುಡೋ ರಾಸಾಯನಿಕ, ಹಚ್ಚೋದು. ಬೆರಳ ಬುಡದ ಎರಡೂ ಕಡೆ ಮರಗಟ್ಟಿಸೋ ಲಿಗ್ನೊಕೇನ್ ಚುಚ್ತಾರೆ, ನೋವು ಅಂದ್ರೆ ಆ ಎರಡು ಚುಚ್ಚು ಅಷ್ಟೇ. ಐದು ಹತ್ತು ನಿಮಿಷ ಬಿಟ್ಟು ಮರಗಟ್ಟಿದೆಯಾ ನೋಡಿ, ಬೆರಳ ಬುಡಕ್ಕೆ ರಬ್ಬರ್ ಬಿಗೀತಾರೆ. ಯಾಕಂದ್ರೆ ರಕ್ತ ಬಂದು ಬೆರೆತ್ರೆ ಫೀನಾಲ್ ತೆಳುವಾಗಿ ಉಗುರಿನ ಬುಡ ಸರಿಯಾಗಿ ಸುಡಲ್ಲ. ಆಮೇಲೆ 88 ಪರ್ಸೆಂಟ್ ಫೀನಾಲ್ ಹತ್ತೀಲಿ ಒಂದೊಂದು ನಿಮಿಷ, ಮೂರು ಸಲ. ಮೂಲೇಲಿ ಒಂದು ಚೂರು ಉಳಿದ್ರೂ ಕೆಲವು ತಿಂಗಳಿಗೆ ಸೂಜಿ ಥರ ಮತ್ತೆ ಹೊರಡುತ್ತೆ. ತೆಗೆದ ಪಟ್ಟಿ ತೋರಿಸಿ ಅನ್ನಿ, ತುದಿಯಿಂದ ಬುಡದ ತನಕ ಒಂದೇ ತುಂಡಾಗಿರಬೇಕು.

ಆಲ್ದೂರು ಕಾಫಿ: ಕತ್ತರಿ ಹಿಡಿದೋರಿಗೆ ಕೊಯ್ಯೋದೇ ಕೆಲಸ. ಬಿಸಿನೀರಿಗೆ ಉಪ್ಪು ಹಾಕಿ 15-20 ನಿಮಿಷ, ದಿನಕ್ಕೆ ಎರಡು ಮೂರು ಸಲ ಕಾಲು ಇಡಿ. ಉಗುರು ಮೆತ್ತಗಾದ ಮೇಲೆ ಮೂಲೆ ಮೆಲ್ಲಗೆ ಎತ್ತಿ, ಹೂಬತ್ತಿ ತುದಿಯಷ್ಟು ಹತ್ತಿ ಹೊಸೆದು ಕೆಳಗೆ ಸೇರಿಸಿ. ದಪ್ಪ ಮಾಡಿದ್ರೆ ಅದೇ ಒತ್ತುತ್ತೆ. ದಿನಾ ಬದಲಿಸಿ. ಜೊತೆಗೆ ಟೇಪು: ಒಂದು ತುದಿ ಉಗುರಿನ ಪಕ್ಕದ ಮಾಂಸಕ್ಕೆ ಅಂಟಿಸಿ, ಆ ಮಾಂಸ ಉಗುರಿಂದ ದೂರ ಸರಿಯೋ ಹಾಗೆ ಓರೆಯಾಗಿ ಬೆರಳ ಅಡಿಗೆ ಎಳೀರಿ. ಸುತ್ತಿ ಬಿಗೀಬೇಡಿ, ಬೆರಳು ನೀಲಿಯಾಗುತ್ತೆ. ಉಗುರು ಮಾಂಸ ದಾಟಿ ಹೊರಬರೋ ತನಕ, ಅಂದ್ರೆ ಎರಡು ಮೂರು ತಿಂಗಳು ತಾಳ್ಮೆ ಬೇಕು. ನಿಮಗಿಲ್ಲ ಅಷ್ಟೇ.

ಸಕಲೇಶಪುರ ಘಾಟಿ: ಅವರು ಕೀವು ಅಂತ ಬರ್ದಿದ್ದು ಓದಿದ್ರಾ ಮಾರಾಯ್ರೆ? ಹತ್ತಿ, ಟೇಪು ಕೆಂಪಾಗಿ ನೋಯೋ ಹಂತಕ್ಕೆ. ಕೆಂಪು ಮಾಂಸ ಉಗುರಿನ ಮೇಲೆ ಹತ್ತಿದ ಮೇಲೆ, ಮುಟ್ಟಿದ್ರೆ ರಕ್ತ ಬರೋ ಜಾಗಕ್ಕೆ ಟೇಪ್ ಅಂಟುತ್ತಾ?

ಆಲ್ದೂರು ಕಾಫಿ: ಅಂಟಲ್ಲ. ಅದಕ್ಕೇ ಮೊದಲೇ ಮಾಡಬೇಕಿತ್ತು. ಎರಡು ಕೋರ್ಸ್ ಮಾತ್ರೆ ಬರೆದೋರನ್ನ ಕೇಳಿ.

ಅರಸೀಕೆರೆ ತೆಂಗು: ಅಷ್ಟೆಲ್ಲ ಯಾಕೆ? ನಿಂಬೆಹಣ್ಣು ತೂತು ಮಾಡಿ ಬೆರಳಿಗೆ ಸಿಕ್ಕಿಸಿ. ಉಗುರಿನ ನಡುವೆ ವಿ ಆಕಾರ ಕೊಯ್ದರೆ ಅಂಚು ತಾನೇ ಒಳಗೆ ಸೇದ್ಕೊಳುತ್ತೆ.

ಚಿಕ್ಕಮಗಳೂರು ಮೆಡಿಕಲ್ಸ್: ಸ್ವಾಮಿ, ನಿಂಬೆಹಣ್ಣು ಅಜ್ಜಿಯರು ಸಿಕ್ಕಿಸ್ತಿದ್ದುದು ಕೈಯ ಉಗುರುಸುತ್ತಿಗೆ. ಇದು ಅದಲ್ಲ. ಉಗುರು ಬೆಳೆಯೋದು ಬುಡದಿಂದ, ತುದೀಲಿ ವಿ ಕೊಯ್ದರೆ ಬುಡಕ್ಕೇನು ಗೊತ್ತಾಗುತ್ತೆ?

ತೋಟದೋರೆ, ಮೊದಲು ಶುಗರ್ ನೋಡಿಸಿ. ಶುಗರ್ ಇದ್ರೆ, ಕಾಲು ಜುಮ್ಮೆನ್ನುತ್ತಿದ್ರೆ, ಹತ್ತಿ ಸೇರಿಸೋದೂ ಮನೇಲಿ ಬೇಡ. ಬಿಸಿನೀರೂ ಕಾಲಲ್ಲಿ ನೋಡ್ಬೇಡಿ, ಸುಟ್ಟಿದ್ದು ಗೊತ್ತಾಗಲ್ಲ. ಪಾದದ ನಾಡಿ ಮುಟ್ಟಿ ನೋಡದೆ ಆ ಬೆರಳಿಗೆ ಯಾರೂ ಕತ್ತರಿ ಇಡಬಾರದು. ಕೆಂಪು ಬೆರಳು ದಾಟಿ ಪಾದಕ್ಕೆ ಏರಿದ್ರೆ, ಜ್ವರ ಬಂದ್ರೆ ಅವತ್ತೇ ಹೋಗಿ. ಚಿಕ್ಕಮಗಳೂರಿನ ಸರ್ಕಾರಿ ಮಲ್ಲೇಗೌಡ ಆಸ್ಪತ್ರೆ ಸರ್ಜರಿ ಓಪಿಡೀಲಿ ತೋರಿಸಬಹುದು. ಪ್ರೈವೇಟಾದ್ರೆ ಡ್ರೆಸ್ಸಿಂಗಿಗೆ ಬೇರೆ ಬಿಲ್ಲಾ ಅಂತ ಮೊದಲೇ ಕೇಳಿ. ಉಗುರು ತೆಗೆಯೋದು ಒಂದು ಸಲ, ಡ್ರೆಸ್ಸಿಂಗು ನಾಲ್ಕೈದು ಸಲ.

ಇನ್ನೊಂದು. ಫೀನಾಲ್ ಹಚ್ಚಿದ ಜಾಗ ಎರಡರಿಂದ ಆರು ವಾರ ತಿಳಿನೀರು ಜಿನುಗುತ್ತೆ. ಅದು ಕೀವಲ್ಲ, ಸುಟ್ಟ ಗಾಯ. ಗಾಜ್ ಅಂಟಿಕೊಂಡ್ರೆ ಕೀಳಬೇಡಿ, ಸಲೈನಲ್ಲಿ ನೆನೆಸಿ ಬಿಡಿಸಿ. ಪ್ಯಾರಾಫಿನ್ ಗಾಜ್ ಇಟ್ರೆ ಆ ರಗಳೇನೇ ಇಲ್ಲ.

ಸಕಲೇಶಪುರ ಘಾಟಿ: ಆರು ವಾರ ಗಮ್‌ಬೂಟ್ ಬೇಡ ಅಂತಲೂ ಹೇಳಿ.

ಬೇಲೂರು ಅಡಿಕೆ: ಅಸಲು ಕಳ್ಳ ಆ ಬೂಟೇ. ಒಂದು ಸೈಜ್ ದೊಡ್ಡದು ತಗೊಳ್ಳಿ.

ಆಲ್ದೂರು ಕಾಫಿ: ದೊಡ್ಡದು ತಗೊಂಡ್ರೆ ಇಳಿಜಾರಲ್ಲಿ ಕಾಲು ಮುಂದಕ್ಕೆ ಜಾರಿ ಹೆಬ್ಬೆರಳೇ ಗುದ್ದೋದು! ಹಿಮ್ಮಡಿ ಅಲ್ಲಾಡಬಾರದು, ಮುಂದೆ ಒಂದು ಬೆರಳು ಜಾಗ ಇರಬೇಕು. ಒಳಗೆ ದಪ್ಪ ಕಾಲುಚೀಲ, ಮಧ್ಯಾಹ್ನ ಬದಲಿಸೋಕೆ ಇನ್ನೊಂದು ಜೊತೆ. ರಾತ್ರಿ ಬೂಟಿಗೆ ಪೇಪರ್ ತುರುಕಿಡಿ.

ಬೇಲೂರು ಅಡಿಕೆ: ಬಯಲು ತೋಟಕ್ಕೆ ಇಳಿಜಾರೆಲ್ಲಿಂದ ಬಂತು?

ಆಲ್ದೂರು ಕಾಫಿ: ಕೇಳಿದ್ದು ಮೂಡಿಗೆರೆಯೋರು ಕಣ್ರೀ. ಅಲ್ಲಿ ಬಯಲು ತೋರಿಸಿ ನೋಡೋಣ.

ಅರಸೀಕೆರೆ ತೆಂಗು: ಚಪ್ಪಲಿ ಹಾಕ್ಕೊಳ್ಳಿ, ಗಾಳಿ ಆಡುತ್ತೆ.

ಸಕಲೇಶಪುರ ಘಾಟಿ: ಜಿಗಣೆಗೆ ಊಟ ಹಾಕೋಕಾ? ಅರಸೀಕೆರೇಲಿ ಕೂತು ಮಲೆನಾಡಿಗೆ ಬುದ್ಧಿ ಹೇಳ್ಬೇಡಿ.

ಮೂಡಿಗೆರೆ ತೋಟ: ಶುಗರ್ ಇಲ್ಲ, ನೋಡಿಸಿದೆ. ಅಂಚು ಮಾತ್ರ ತೆಗೀತಾರಂತೆ, ಫೀನಾಲ್ ಇದೆಯಂತೆ. ಸೋಮವಾರ. ಬೂಟಿನ ಜಗಳ ಮುಗಿದ್ಮೇಲೆ ಸೈಜ್ ಹೇಳಿ.