ನಾಲ್ಕಡಿ ಮೀನಿನ ಟ್ಯಾಂಕಿನ ಸ್ಟ್ಯಾಂಡ್ ಅಲುಗಾಡ್ತಿದೆ, ವಾಪಸ್ ಕೊಟ್ಟು ಹೊಸದು ಮಾಡಿಸೋದಾ?

ಪೆರ್ಲದ ಮೀನುಮರ್ಲ
ಸಾಕಾಗಿ ಹೋಯ್ತು ಮಾರಾಯ್ರೆ. ಹೋದ ವಾರ ಪೇಟೆಯಿಂದ ರೆಡಿಮೇಡ್ ಕಬ್ಬಿಣದ ಸ್ಟ್ಯಾಂಡ್ ತಂದೆ, 5800 ರೂಪಾಯಿ. ಟ್ಯಾಂಕ್ ಇಟ್ಟು ಅರ್ಧ ನೀರು ತುಂಬಿಸಿ ನೋಡಿದರೆ ಎಡಗಡೆ ನೀರು ಬಲಗಡೆಗಿಂತ ಮುಕ್ಕಾಲು ಇಂಚು ಮೇಲೆ ಉಂಟು. ಒಂದು ಮೂಲೆ ಒತ್ತಿದರೆ ಟಕ್ ಅಂತ ಶಬ್ದ. ಅಂಗಡಿಯವರಿಗೆ ಫೋನ್ ಮಾಡಿದರೆ "ನಮ್ಮಲ್ಲಿ ಸರಿ ಇತ್ತು" ಅಂತಾರೆ. ಇದನ್ನು ವಾಪಸ್ ಕೊಟ್ಟು ವೆಲ್ಡಿಂಗ್‌ನವರಲ್ಲಿ ಮಾಡಿಸೋದಾ, ಆಚಾರಿಗೆ ಹೇಳಿ ಮರದ್ದು ಮಾಡಿಸೋದಾ? ಬೇಗ ಹೇಳಿ, ಮೀನು ಬಕೆಟ್‌ನಲ್ಲಿ ಉಂಟು.

ಕುಂಬಳೆ ಕರಿಮೀನು
ಟ್ಯಾಂಕಿನ ಅಳತೆ ಎಷ್ಟು?

ಪೆರ್ಲದ ಮೀನುಮರ್ಲ
ನಾಲ್ಕಡಿ ಅಂದೆನಲ್ಲ.

ಕುಂಬಳೆ ಕರಿಮೀನು
ಉದ್ದ ನಾಲ್ಕಡಿ, ಸರಿ. ಅಗಲ, ಎತ್ತರ? ಗ್ಲಾಸ್ ಎಷ್ಟು ಎಂಎಂ? ನಾವೇನು ಜ್ಯೋತಿಷ್ಯ ಹೇಳ್ತೇವಾ?

ಪೆರ್ಲದ ಮೀನುಮರ್ಲ
ಅಗಲ ಒಂದೂವರೆ, ಎತ್ತರ ಒಂದೂವರೆ. 10 ಎಂಎಂ.

ಕುಂಬಳೆ ಕರಿಮೀನು
ಅಂದರೆ ತುಂಬಿದಾಗ 255 ಲೀಟರ್, ನೀರೇ 255 ಕೆಜಿ. ಗ್ಲಾಸ್ 50ರ ಹತ್ತಿರ, ಮರಳು ಕಲ್ಲು ಸೇರಿದರೆ ಒಟ್ಟು 340 ದಾಟ್ತದೆ. ಅಷ್ಟು ಭಾರಕ್ಕೆ ಅಂಗಡಿಯ ಸ್ಟ್ಯಾಂಡ್ ನಂಬಲೇಬಾರದು. ವೆಲ್ಡಿಂಗ್ ಬಿಸಿಗೆ ಫ್ರೇಮ್ ತಿರುಚಿದೆ, ನೂರಕ್ಕೆ ನೂರು. ಒಂದೇ ಬದಿಯಿಂದ ಪೂರ್ತಿ ವೆಲ್ಡ್ ಮಾಡ್ತಾ ಹೋದರೆ ಪೈಪ್ ಎಳೆಯುತ್ತದೆ. ಮೊದಲು ನಾಲ್ಕು ಮೂಲೆಗೂ ಚುಕ್ಕಿಯಷ್ಟೇ ವೆಲ್ಡ್ ಹಾಕಿ, ರಸಮಟ್ಟ ಇಟ್ಟು ನೋಡಿ, ಆಮೇಲೆ ಪೂರ್ತಿ ಮಾಡಬೇಕು. ಅವಸರದಲ್ಲಿ ಯಾರು ಮಾಡ್ತಾರೆ? ಹೆಬ್ಬಲಸಿನ ಮರದಲ್ಲಿ ಮಾಡಿಸಿ ಬಿಡಿ. ನನ್ನದು ಹನ್ನೊಂದು ಮಳೆಗಾಲ ಕಂಡಿದೆ.

ಮುಳ್ಳೇರಿಯ ಭಾವ
ಟ್ಯಾಂಕಿನ ಅಡಿಗೆ ಥರ್ಮೋಕೋಲ್ ಹಾಕಿದ್ದೀರಾ? ಇಲ್ಲದಿದ್ದರೆ ಹಾಕಿ, ಸರಿಯಾಗ್ತದೆ.

ಕುಂಬಳೆ ಕರಿಮೀನು
ಥರ್ಮೋಕೋಲ್ ಮುಕ್ಕಾಲು ಇಂಚಿನ ಓರೆಯನ್ನು ಸರಿ ಮಾಡ್ತದಾ ಭಾವ? ಅದು ಇರೋದು ಅಲ್ಲಲ್ಲಿನ ಸಣ್ಣ ಉಬ್ಬು ತಗ್ಗು ಹೀರಿಕೊಳ್ಳಲಿಕ್ಕೆ.

ಮುಳ್ಳೇರಿಯ ಭಾವ
ನಾನು ಇಪ್ಪತ್ತು ವರ್ಷದಿಂದ ಹಾಕ್ತಾ ಬಂದಿದ್ದೇನೆ. ಒಂದು ಟ್ಯಾಂಕೂ ಒಡೆದಿಲ್ಲ.

ನೀರ್ಚಾಲಿನ ಪ್ರದೀ
ಎಲ್ಲ ಟ್ಯಾಂಕಿಗೂ ಹಾಕಬಾರದು. ಕೆಳಗೆ ಪ್ಲಾಸ್ಟಿಕ್ ಫ್ರೇಮ್ ಇದ್ದು ಅಡಿಗ್ಲಾಸ್ ಸ್ವಲ್ಪ ಮೇಲೆ ಎದ್ದು ನಿಂತಿರ್ತದಲ್ಲ, ಅದಕ್ಕೆ ಹಾಕಿದರೆ ಅಡಿಗ್ಲಾಸಿಗೇ ಒತ್ತಡ. ನೇರ ಗ್ಲಾಸ್ ಕೂರುವ ಟ್ಯಾಂಕಿಗೆ ಮಾತ್ರ.

ಮುಳ್ಳೇರಿಯ ಭಾವ
ಊರಿನಲ್ಲಿ ಅಂಟಿಸಿದ ಟ್ಯಾಂಕಿಗೆ ಎಲ್ಲಿಯ ಫ್ರೇಮ್? ಸುಮ್ನೆ ಇಲ್ಲಿ ಪಾಠ ಮಾಡ್ಬೇಡಿ.

ಕೆಂಪುಕಲ್ಲು ಬದಿಯಡ್ಕ
ಕಬ್ಬಿಣವೂ ಬೇಡ, ಮರವೂ ಬೇಡ. ಮುರಕಲ್ಲು ಎರಡು ಕಡೆ ಕಟ್ಟಿ, ಮೇಲೆ ಕಡಪ ಕಲ್ಲು ಹಾಸಿ. ತುಕ್ಕಿಲ್ಲ, ಗೆದ್ದಲಿಲ್ಲ. ನನ್ನ ಆರಡಿ ಟ್ಯಾಂಕ್ ಹಾಗೇ ಕೂತಿದೆ, ಒಳಗೆ ಹನ್ನೆರಡು ಮಿಸ್ ಕೇರಳ ಮೀನು. ಬೆಳಿಗ್ಗೆ ಬಿಸಿಲು ಬಿದ್ದಾಗ ಆ ಕೆಂಪು ಗೆರೆ ನೋಡ್ಬೇಕು ನೀವು.

ನೀರ್ಚಾಲಿನ ಪ್ರದೀ
ಎರಡೇ ಕಡೆ ಅಂದರೆ ನಾಲ್ಕಡಿ ಕಡಪ ನಡುವೆ ಖಾಲಿ ಅಲ್ವಾ? ಕಡಪ ಬಾಗುವ ಕಲ್ಲಲ್ಲ, ಒಡೆಯುವ ಕಲ್ಲು. ನಡುವಿಗೆ ಇನ್ನೊಂದು ಸಾಲು ಬೇಕೇ ಬೇಕು. ಮತ್ತೆ ಆ ಹನ್ನೆರಡು ಎಲ್ಲಿಂದ ತಂದದ್ದು? ಚಂದ್ರಗಿರಿ ಹೊಳೆಯದ್ದಾದರೆ ಹೇಳ್ಬೇಡಿ. ಆ ಮೀನು ಅಳಿವಿನಂಚಿನ ಪಟ್ಟಿಯಲ್ಲಿ ಉಂಟು.

ಕೆಂಪುಕಲ್ಲು ಬದಿಯಡ್ಕ
ಸಾಕಿ ಮರಿ ಮಾಡಿದವರಿಂದ ಕೊಂಡದ್ದು. ನನ್ನ ಮೇಲೆ ಎಂತಕ್ಕೆ ಪೊಲೀಸ್ ಕೆಲಸ? ನಡುವಿನ ಸಾಲು ಉಂಟು, ಬರೀಲಿಕ್ಕೆ ಮರೆತೆ.

ಕುಂಬಳೆ ಕರಿಮೀನು
ಮೀನಿನ ವಿಷಯ ಆಮೇಲೆ. ಮೀನುಮರ್ಲ ಅವರೇ, ಫ್ರೇಮ್ ತಿರುಚಿದ್ದೇ. ಫೋಟೋ ಹಾಕಿ, ವೆಲ್ಡಿಂಗ್ ಜಾಗ ಹತ್ತಿರದಿಂದ.

ಪೆರ್ಲದ ಮೀನುಮರ್ಲ
ಹಾಕ್ತೇನೆ. ವೆಲ್ಡಿಂಗ್ ನೋಡಲಿಕ್ಕೆ ಚೆಂದ ಉಂಟು, ಅದೇ ಬೇಸರ. ಈಗ ಆಚಾರಿಗೆ ಫೋನ್ ಮಾಡಿದೆ, ಹೆಬ್ಬಲಸು ಒಣಗಿದ್ದು ಸಿಗಬೇಕು, ಒಂದು ತಿಂಗಳು ಬೇಕು ಅಂದ್ರು.

ಗಪ್ಪಿ ಅಕ್ಕ
ಯಾರೂ ಕೇಳಲಿಲ್ಲವಲ್ಲ. ಸ್ಟ್ಯಾಂಡ್ ಇಟ್ಟದ್ದು ಎಲ್ಲಿ?

ಪೆರ್ಲದ ಮೀನುಮರ್ಲ
ಸಿಟೌಟ್‌ನಲ್ಲಿ, ಮನೆ ಎದುರಿನ ಜಗಲಿಯಲ್ಲಿ, ಅಕ್ಕ. ಒಳಗೆ ಜಾಗ ಇಲ್ಲ. ಅದಕ್ಕೂ ಇದಕ್ಕೂ ಎಂತ ಸಂಬಂಧ?

ಗಪ್ಪಿ ಅಕ್ಕ
ಸಂಬಂಧ ಎಂತದ್ದು! ಸಿಟೌಟ್ ನೆಲ ಸಪಾಟಾಗಿ ಮಾಡೋದೇ ಇಲ್ಲ ತಮ್ಮ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಸಿಡಿದು ಒಳಗೆ ಬಂದ ನೀರು ಹೋಗಲಿ ಅಂತ ಮೇಸ್ತ್ರಿ ಓರೆ ಕೊಟ್ಟೇ ಕೊಡ್ತಾರೆ. ಮೂಲೆಯಲ್ಲಿ ನೀರು ಹೋಗುವ ತೂತು ಇದ್ದರೆ ಎರಡೂ ಬದಿಯಿಂದ ಅದರತ್ತ ಇಳಿಸಿರ್ತಾರೆ, ಆಗ ನಾಲ್ಕನೇ ಕಾಲು ನೆಲಕ್ಕೆ ಮುಟ್ಟದೆ ತೇಲ್ತದೆ. ಟಕ್ ಅನ್ನೋದು ಅದೇ ಇರಬೇಕು. ಹೀಗೆ ಮಾಡಿ: ನೀರು ತೆಗೆದು, ಟ್ಯಾಂಕ್ ಇಳಿಸಿ, ಸ್ಟ್ಯಾಂಡನ್ನು ಅದೇ ಜಾಗದಲ್ಲಿ ಅರ್ಧ ಸುತ್ತು ತಿರುಗಿಸಿ. ಓರೆ ಸ್ಟ್ಯಾಂಡಿನ ಜೊತೆಗೇ ತಿರುಗಿ ಆಚೆ ಬದಿಗೆ ಹೋದರೆ ಸ್ಟ್ಯಾಂಡಿನ ತಪ್ಪು. ನೆಲದ ಅದೇ ಬದಿಗೆ ಓರೆ ಉಳಿದರೆ ನೆಲದ್ದು. ಜೊತೆಗೆ ಸ್ಟ್ಯಾಂಡಿನ ಮೇಲ್ಭಾಗಕ್ಕೆ ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿಯಾಗಿ ಎಳೆಯಿರಿ. ನಡುವೆ ಒಂದಕ್ಕೊಂದು ಮುಟ್ಟಬೇಕು. ಮುಟ್ಟದೆ ಸಂದು ಬಿಟ್ಟರೆ, ಅಥವಾ ಒಂದು ಇನ್ನೊಂದನ್ನು ಒತ್ತಿದರೆ, ಫ್ರೇಮ್ ತಿರುಚಿದೆ.

ಕುಂಬಳೆ ಕರಿಮೀನು
ನೆಲ ಓರೆ ಇರಬಹುದು. ಆದರೂ ಫ್ರೇಮ್ ತಿರುಚಿಲ್ಲ ಅಂತ ಏನು ಗ್ಯಾರಂಟಿ?

ಪೆರ್ಲದ ಮೀನುಮರ್ಲ
ಅರ್ಧ ಸುತ್ತು ತಿರುಗಿಸಿದೆ. ಓರೆ ನೆಲದ ಅದೇ ಬದಿಗೆ, ತೂತಿನ ಕಡೆಗೇ ಉಂಟು. ದಾರ ಮುಟ್ಟಿಕೊಂಡೇ ಉಂಟು. ಸ್ಟ್ಯಾಂಡ್ ಪಾಪ ಸರಿ ಇತ್ತು. ಅಂಗಡಿಯವರಿಗೆ ಎಂತೆಲ್ಲಾ ಬೈದೆ!

ನೀರ್ಚಾಲಿನ ಪ್ರದೀ
ಹಾಗಾದರೆ ಕಾಲಿನ ಅಡಿಗೆ ಹೊಂದಿಸಿ, ಟ್ಯಾಂಕಿನ ಅಡಿಗೆ ಏನೂ ತುರುಕಬೇಡಿ. ಅಲ್ಲಿ ತುಂಡು ಇಟ್ಟರೆ ಆ ಜಾಗದಲ್ಲೇ ಗ್ಲಾಸ್ ಬಿರಿಯುತ್ತದೆ. ಕಾಲಿಗೆ ರಟ್ಟು, ಮರದ ಚೂರು ಬೇಡ, ನೀರು ಬಿದ್ದರೆ ಕುಸಿಯುತ್ತದೆ. ವೆಲ್ಡಿಂಗ್‌ನವರಲ್ಲಿ ಪ್ರತಿ ಕಾಲಿನ ತುದಿಗೆ ನಟ್ ಕೂರಿಸಿ 12 ಎಂಎಂ ಬೋಲ್ಟ್ ಹಾಕಿಸಿ, ತಿರುಗಿಸಿ ಏರಿಸಬಹುದು. ಬೋಲ್ಟ್ ಅಡಿಗೆ ಸಣ್ಣ ಕಬ್ಬಿಣದ ಪ್ಲೇಟ್ ಇಡಿ, ಇಲ್ಲದಿದ್ದರೆ ಟೈಲ್ಸ್ ಒಡೆಯುತ್ತದೆ.

ಗಪ್ಪಿ ಅಕ್ಕ
ಮತ್ತೆ ಸಿಟೌಟ್ ಬಿಸಿಲು ನೇರ ಬೀಳ್ತದಾ ನೋಡಿ, ಪಾಚಿ ಹಿಡಿಯುತ್ತದೆ. ತುಕ್ಕಿಗೆ ಕಾಲಿನ ಕೆಳಗೆ ಎರಡು ಕೋಟ್ ರೆಡ್ ಆಕ್ಸೈಡ್ ಬಳಿದು ಆಮೇಲೆ ಪೇಂಟ್. ಆಟಿ ತಿಂಗಳ ಮಳೆಯಲ್ಲಿ ತುಕ್ಕು ಅಲ್ಲೇ ಮೊದಲು ಹಿಡಿಯೋದು.

ಪೆರ್ಲದ ಮೀನುಮರ್ಲ
ಬೋಲ್ಟ್ ಹಾಕಿಸಿದೆ. ನಾಲ್ಕಕ್ಕೆ 400 ರೂಪಾಯಿ. ರಸಮಟ್ಟದ ಗುಳ್ಳೆ ನಡುವೆ ಬಂತು. ರಾತ್ರಿ ತುಂಬಿಸಿದೆ, ಬೆಳಿಗ್ಗೆ ಸ್ಕೇಲ್ ಇಟ್ಟರೆ ಎರಡು ಬದಿಯ ನಡುವೆ 2 ಎಂಎಂ ಮಾತ್ರ ವ್ಯತ್ಯಾಸ. ಟಕ್ ಇಲ್ಲ. ಅಕ್ಕನಿಗೆ ದೊಡ್ಡ ನಮಸ್ಕಾರ.

ಕುಂಬಳೆ ಕರಿಮೀನು
ಈಗ ಸರಿ ಉಂಟು. ಎರಡು ಮಳೆಗಾಲ ಕಳೆದ ಮೇಲೆ ತುಕ್ಕಿನ ಫೋಟೋ ಹಾಕ್ತೀರಿ, ಆಗ ಹೆಬ್ಬಲಸಿನ ಮಾತು ನೆನಪಾಗ್ತದೆ.

ಮುಳ್ಳೇರಿಯ ಭಾವ
ಥರ್ಮೋಕೋಲ್ ಹಾಕಿದ್ರಾ ಇಲ್ವಾ, ಅದು ಹೇಳಲೇ ಇಲ್ಲ.

ಉಪ್ಪಳ ಹೊಸಬ
ಕೆಂಪುಕಲ್ಲು ಅಣ್ಣ, ಆ ಹನ್ನೆರಡರಲ್ಲಿ ಎರಡು ಕೊಡ್ತೀರಾ? ನನ್ನದು ಎರಡಡಿ ಟ್ಯಾಂಕ್.

ಕೆಂಪುಕಲ್ಲು ಬದಿಯಡ್ಕ
ಅದು ಗುಂಪಿನಲ್ಲಿ ಓಡಾಡುವ ಮೀನು, ಆರಿಂಚು ಬೆಳೆಯುತ್ತದೆ. ಎರಡಡಿಯಲ್ಲಿ ಎರಡು ಹಾಕಿದರೆ ಹಾರಿ ಕೆಳಗೆ ಬೀಳ್ತದೆ. ಮೊದಲು ಸ್ಟ್ಯಾಂಡ್ ಉಂಟಾ ಹೇಳಿ.